ಬಾರದ ಶುಕ್ರವಾರ

ಗುರುವಾರ ನಡುರಾತ್ರಿ, ಉಪೋಲು ದ್ವೀಪದ ತೆಂಕಣ ದಡದಲ್ಲಿ,
ಹಲಸಿನಂಥ ಮರವೊಂದಕ್ಕೆ ತೂಗುಬಿಟ್ಟ ಖಾಲಿ ಗ್ಯಾಸ್ ಸಿಲಿಂಡರನ್ನು
ಯಾರೋ ಕಬ್ಬಿಣದ ಸಲಾಕೆಯಿಂದ ಬಡಿದರು.
ಊರಿನ ಗಂಟೆ ಅದೇ. ಪ್ರಾರ್ಥನೆಗೂ ಅದೇ, ಸಾವಿಗೂ ಅದೇ.
ಬಡಿತ ನಿಂತಾಗ ಶನಿವಾರವಾಗಿತ್ತು.

ಫಿಲೇಮು ಮಲಗಿರಲಿಲ್ಲ.
ಚಾಪೆಯಂಚಿನ ಎಳೆ ಬಿಡಿಸುತ್ತ ಕೂತಿದ್ದಳು.
ಡಿಸೆಂಬರ್ ಮೂವತ್ತು ಅವಳದು.
ಹದಿನೇಳು ವರ್ಷದ ಹಿಂದೆ ಆ ದಿನ ಮಸುಕಿನಲ್ಲೇ ಎದ್ದು
ಟಾರ್ಚಿಗೆ ಹೊಸ ಸೆಲ್ಲು ಹಾಕಿಕೊಂಡು
ಸಕಾರಿಯಾ ಹವಳದ ಬಂಡೆಸಾಲು ದಾಟಿದ್ದ.
"ಕೋಕೋ ಕಾಯಿಸಿಟ್ಟಿರು, ಬಂದೆ."
ದೋಣಿ ಬಂತು.

ಮನೆಯ ಮುಂದೆ ಗೋರಿಯೇನೋ ಇದೆ, ಸುಣ್ಣ ಬಳಿದದ್ದು.
ಮಕ್ಕಳು ಅದರ ಮೇಲೆ ಕೂತು ಮಗ್ಗಿ ಬರೆಯುತ್ತಾರೆ,
ಬಿಸಿಲಿದ್ದರೆ ಬಟ್ಟೆ ಒಣಹಾಕುತ್ತಾರೆ.
ಒಳಗಿರುವುದು ಒಂದು ಅಂಗಿ, ಒಂದು ಕೀರ್ತನೆಯ ಪುಸ್ತಕ.
ಅವನನ್ನು ಹೂತದ್ದು ಮಣ್ಣಿನಲ್ಲಲ್ಲ, ತಾರೀಕಿನಲ್ಲಿ.
ವರ್ಷಕ್ಕೊಮ್ಮೆ ಮುಚ್ಚಳ ಸರಿಸಿ
ಇದ್ದಾನೆಂದು ನೋಡಿಕೊಂಡು
ಮತ್ತೆ ಮುಚ್ಚುವಳು.

ಈ ವರ್ಷ ಆ ತಾರೀಕನ್ನೇ ತೆಗೆದರು.
ವ್ಯಾಪಾರ, ಎಂದಿತು ರೇಡಿಯೋ.
ಆಕ್ಲೆಂಡಿನಲ್ಲಿ ಸೋಮವಾರದ ಅಂಗಡಿ ತೆರೆದಿರುವಾಗ
ನಾವಿಲ್ಲಿ ಭಾನುವಾರದ ಬಿಳಿಬಟ್ಟೆ ತೊಟ್ಟು ಹಾಡುತ್ತಿದ್ದೇವೆ.
ಕಡಲ ಮೇಲಿನ ಕಾಣದ ಗೆರೆಯನ್ನು ಒಂದಿಷ್ಟು ಆಚೆ ತಳ್ಳಿದರೆ
ಎಲ್ಲ ಸರಿಹೋಗುತ್ತದೆ.
ಇಲ್ಲದ ಶುಕ್ರವಾರಕ್ಕೂ ಕೂಲಿ ಕೊಡುತ್ತಾರಂತೆ!
ಮೊಮ್ಮಗ ಮೋಸೆ ಬಿದ್ದು ಬಿದ್ದು ನಕ್ಕ.
ಅಳದೆ ಉಳಿದದ್ದಕ್ಕೆ ಎಷ್ಟು ಕೊಡುತ್ತಾರೆಂದು
ಅವಳು ಕೇಳಲಿಲ್ಲ.

ಪಂಚಾಂಗ ಬಲ್ಲವರು ಕ್ಷಯತಿಥಿ ಎನ್ನುತ್ತಾರೆ,
ಚಂದ್ರನ ನಡಿಗೆಯಲ್ಲಿ ಸೊರಗಿ ಹೋದ ದಿನಕ್ಕೆ.
ಇದು ಸೊರಗಲಿಲ್ಲ.
ಇದನ್ನು ಸಭೆಯಲ್ಲಿ ಕೂತು ತೆಗೆದರು.

ಅಜ್ಜಿ ಹೇಳುತ್ತಿದ್ದಳು, ಅವಳ ಅಜ್ಜಿ ಹೇಳಿದ್ದನ್ನು:
ಹಿಂದೊಮ್ಮೆ ಹಡಗಿನ ವರ್ತಕರಿಗೆ ಅನುಕೂಲವಾಗಲೆಂದು
ಜುಲೈ ನಾಲ್ಕು ಎರಡು ಸಲ ಬಂತು.
ಸೋಮವಾರ ಮಲಗಿ ಎದ್ದರೆ ಮತ್ತೂ ಸೋಮವಾರ.
ಆ ರಾತ್ರಿ ಹುಟ್ಟಿದ ಕೂಸಿನ ದಿನ ಮೊದಲನೆಯದೋ ಎರಡನೆಯದೋ
ಎಂದು ಬರೆಯಲಾರದೆ ಪಾದ್ರಿ
ಶಾಯಿ ಒಣಗುವವರೆಗೂ ಲೇಖನಿ ಹಿಡಿದೇ ಇದ್ದನಂತೆ.
ಹಾಗಾದರೆ ಅದು ಕೈಗಡ.
ನೂರ ಹತ್ತೊಂಬತ್ತು ವರ್ಷದ ಮೇಲೆ ಸಾಲ ತೀರಿತು,
ಫಿಲೇಮುವಿನ ಗಂಟಿನಿಂದ.

ಮಿಕ್ಕವು ಕದಲಿಲ್ಲ.
ಜ್ವರ ಹೊತ್ತ ಹಡಗು ಆಪಿಯಾಕ್ಕೆ ಬಂದ ನವೆಂಬರ್ ಏಳು
ಐವರಲ್ಲೊಬ್ಬರನ್ನು ನುಂಗಿಯೂ ಅಲ್ಲೇ ಕೂತಿದೆ.
ಕಡಲೆದ್ದು ತೆಂಗಿನ ಸುಳಿ ಮುಟ್ಟಿದ ಸೆಪ್ಟೆಂಬರ್ ಇಪ್ಪತ್ತೊಂಬತ್ತು,
ಅದಕ್ಕೆ ಹೂವಿದೆ, ಭಾಷಣವಿದೆ, ಅರ್ಧಕ್ಕಿಳಿದ ಬಾವುಟವಿದೆ.
ಹತ್ತು ಜನ ಹೊತ್ತ ದಿನವನ್ನು ಯಾರೂ ಅಲುಗಿಸರು.
ಒಬ್ಬಳೇ ಹೊತ್ತದ್ದು
ಕೈಚೀಲದ ಹಾಗೆ, ಬಸ್ಸಿನಲ್ಲಿ ಉಳಿದುಬಿಡುತ್ತದೆ.

ಶನಿವಾರ ಬೆಳಗ್ಗೆ ಫೋನು.
ಪಾಗೋ ಪಾಗೋದಿಂದ ನಾದಿನಿ ಅಕೆನೇಸೆ,
ಟ್ಯೂನಾ ಮೀನು ಡಬ್ಬಿಗೆ ತುಂಬುವವಳು.
ವಿಮಾನದಲ್ಲಿ ಅರ್ಧಗಂಟೆಯ ದಾರಿ,
ಗೆರೆ ಅವಳನ್ನು ಆಚೆಗೇ ಬಿಟ್ಟಿತ್ತು.
"ಅತ್ತಿಗೆ, ಇಲ್ಲಿವತ್ತು ಮೂವತ್ತು.
ರಜ ಹಾಕಿದ್ದೀನಿ. ಇಡೀ ದಿನ ನನ್ನ ಕೈಲಿದೆ.
ಏನು ಮಾಡಲಿ, ಹೇಳು."

ಫಿಲೇಮು ತುಸು ಹೊತ್ತು ಮಾತಾಡಲಿಲ್ಲ.
ಅವಳದನ್ನು ಇನ್ನೊಬ್ಬರು ಮಾಡಬಹುದೆಂದು
ಅವಳಿಗೆ ಹೊಳೆದಿರಲೇ ಇಲ್ಲ;
ಕೊಂಚ ಕೋಪವೂ ಬಂತು.
"ಕೋಕೋ ಕಾಯಿಸು. ಸಕ್ಕರೆ ಜಾಸ್ತಿ.
ಹೊಸಿಲ ಹತ್ತಿರ ಇಡು."
"ಆಮೇಲೆ?"
"ಆಮೇಲೆ ಏನಿಲ್ಲ. ಆರುತ್ತದೆ."

ಆ ಕಡೆ ಒಲೆ ಹೊತ್ತಿತು. ಚಮಚ ತಿರುಗಿತು.
ನಿನ್ನೆಯೂ ಅಲ್ಲದ, ಇವತ್ತೂ ಅಲ್ಲದ ಸದ್ದು.
ಫೋನನ್ನು ಕಿವಿಗೊತ್ತಿಕೊಂಡು ಅಂಗಳಕ್ಕೆ ಬಂದಳು.
ಗೋರಿಯ ಮೇಲೆ ಮೋಸೆಯ ಅಂಗಿ,
ಒಂದು ತೋಳು ಇನ್ನೂ ಒದ್ದೆ.
ತಿರುವಿ ಹಾಕಿದಳು.
"ಇಟ್ಟೆಯಾ?"
"ಬಿಸಿ ಇದೆ, ಅತ್ತಿಗೆ. ತಾಳು."