ಸೊನ್ನೆ ಟಿಕೆಟ್ಟಿನ ಬಳ್ಳಿ

ತಿಕೋಟಾದಲ್ಲಿ ರಾತ್ರಿ ಹಾಲ್ಟ್. ಬೆಳಗಿನ ಐದೂವರೆಗೆ
ತೋಟದ ರಾಯಗೊಂಡಪ್ಪ ಬಸ್ಸಿನ ಬಾಗಿಲಿಗೇ ಬಂದು
ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿ ಕೊಟ್ಟ.
ಅಕ್ಟೋಬರ್ ಚಾಟ್ನಿ ಆಗಿತ್ತು; ಒಲೆಗೆ ಹೋಗಬೇಕಾದಂಥವು.
‘ಹಸಿರು ಬೇಕೋ ಕರಿದು ಬೇಕೋ, ಕಂಡಕ್ಟರ್ ಬಾಯಾರ?’
ಬೀಜ ಇರಬಾರದು, ಅಂದೆ.
ಅಷ್ಟೇ ಗೊತ್ತಿದ್ದದ್ದು ನನಗೆ.

‘ಥಾಮ್ಸನ್ ನಾಜೂಕು, ಬಾಣಂತಿ ಮನೆಯ ಕೂಸು,
ರಾತ್ರಿ ಎದ್ದೆದ್ದು ನೋಡಬೇಕು.
ಸೋನಾಕಾ ಬೆರಳುದ್ದ, ಪೇಟೆಗೆ ಚೆಂದ, ಮನೆಗೆ ಯಾಕೆ?
ಮಾಣಿಕ್ ಚಮನ್ ಒಯ್ಯಿರಿ, ಹಸಿರು, ತಾಳಿಕೆಯದು.
ಶರದ್ ಒಂದು ಇರಲಿ. ಕರಿದು. ಆದರೆ ನಿಮ್ಮೂರ ಬಿಸಿಲಿಗೆ
ಬಣ್ಣ ಏರಿದರೆ ಏರಿತು.’

ಡ್ರೈವರ್ ಮಶಾಕ್‌ಸಾಬ್ ಕನ್ನಡಿಯಲ್ಲೇ ಕೇಳಿದ:
‘ಲಗೇಜಿಗೆ ಟಿಕೆಟ್ ಹರೀರಿ ಮೊದಲು!’
ಬಳ್ಳಿ ಹೆಣ್ಣು ಜಾತಿ ಅಲ್ಲೇನ್ರೀ, ಅಂದೆ.
ಎರಡು ಸೊನ್ನೆ ಟಿಕೆಟ್ ತೆಗೆದು, ಹಿಂದೆ ಹೆಸರು ಬರೆದು,
ಒಂದೊಂದು ಕಡ್ಡಿಗೆ ಒಂದೊಂದು ಕಟ್ಟಿದೆ.
ಸಿಂದಗಿ ದಾಟಿತು, ಜೇವರ್ಗಿ ದಾಟಿತು,
ಯಾರೋ ಜೋಳದ ಚೀಲ ಮೇಲಿಟ್ಟರು. ಸುಮ್ಮನಿದ್ದವು.

ಫಿಲ್ಟರ್‌ಬೆಡ್ ಕಡೆ ನಮ್ಮ ಮನೆ.
ನೆಲ ಎರಿ: ಮಳೆಗೆ ಅಂಟು, ಬಿಸಿಲಿಗೆ ಬಿರುಕು,
ಮಗಳ ಪೆನ್ಸಿಲ್ ಒಮ್ಮೆ ಬಿದ್ದದ್ದು ಇನ್ನೂ ಸಿಕ್ಕಿಲ್ಲ.
ಮೊಣಕಾಲುದ್ದ ತೋಡಿ ಮೊರಂ ತುಂಬಿ
ಶಹಾಬಾದ್ ಫರಸಿಯ ನಾಲ್ಕು ಕಂಬ ನಿಲ್ಲಿಸಿ
ತಂತಿ ಎಳೆದೆ. ಎರಡು ದಿನಕ್ಕೊಮ್ಮೆ ನಲ್ಲಿ;
ಪಾತ್ರೆ ತೊಳೆದ ನೀರು ಮೊದಲು ಅದಕ್ಕೆ, ಆಮೇಲೆ ತುಳಸಿಗೆ.
ಒಂದು ಕಡ್ಡಿ ಒಣಗಿತು.
ಒಂದು, ಯುಗಾದಿಯ ಹೊತ್ತಿಗೆ, ಕಣ್ಣು ಬಿಟ್ಟಿತು.

ಯಾವುದು ಅದು?
ಚೀಟಿ ಹಿಡಿದು ನೋಡಿದೆ. ಹಿಂದಿನ ಶಾಯಿ ನೀರಿಗೆ ಹೋಗಿತ್ತು,
ಮುಂದಿನ ಮೆಷಿನ್ ಅಕ್ಷರ ಬಿಸಿಲಿಗೆ.
ಎಲ್ಲಿಂದ, ಎಲ್ಲಿಗೆ, ಎಷ್ಟು, ಏನೂ ಇಲ್ಲ.
ಬಿಳಿ ಕಾಗದ. ಚೆಕಿಂಗ್‌ನವರು ಹತ್ತಿದ್ದರೆ
ನನ್ನ ಕೆಲಸ ಹೋಗುತ್ತಿತ್ತು.

ಎಲೆ ನೋಡಿ ಹೇಳಬಲ್ಲವರು ಇದ್ದಾರಂತೆ.
ಜಗದೇವಿ ಬಂದು ಎಲೆ ಮುರಿದು ಮೂಸಿ
‘ಹುಳಿ’ ಅಂದಳು. ಅಷ್ಟೇ.

ಎರಡು ವರ್ಷ ಹೆಸರಿಲ್ಲದ್ದಕ್ಕೆ ನೀರು ಹಾಕಿದೆ.
ಏಪ್ರಿಲ್‌ನಲ್ಲಿ ಕತ್ತರಿಸುವಾಗ ಕೈ ನಡುಗಿತು,
ಅಕ್ಟೋಬರ್‌ನಲ್ಲಿ ನಡುಗಲಿಲ್ಲ.
ಗೊನೆ ಇಳಿದವು, ಒಂಬತ್ತು.
ಪಿಕಳಾರ ಬಿಡಲಿಲ್ಲ. ಹಳೆ ಖಾಕಿ ಅಂಗಿಯ ತೋಳು ಕತ್ತರಿಸಿ
ಎರಡು ಗೊನೆಗೆ ತೊಡಿಸಿದೆ;
ಉಳಿದವಕ್ಕೆ ಸೊಳ್ಳೆಪರದೆ.
ಔಷಧ ಅದ್ದಿಲ್ಲ, ಹಾಗಾಗಿ ಕಾಯಿ ಕಡಲೆಯಷ್ಟೇ.
‘ಸಣ್ಣವು’ ಅಂದರು, ತಿನ್ನುತ್ತ ಅಂದರು.

ಮಾರ್ಚ್‌ನಲ್ಲೊಂದು ದಿನ ಡ್ಯೂಟಿ ಮುಗಿಸಿ ಬಂದು
ತೋಳು ಬಿಚ್ಚಿ ನೋಡಿದರೆ
ಒಂದು ಮಗ್ಗುಲು ಹಸಿರೇ, ಒಂದು ಮಗ್ಗುಲು
ನೀಲಿ ಇಂಕಿನ ಕಲೆ. ಕರಿದೂ ಆಗದೆ, ಸುಮ್ಮನೂ ಇರದೆ.
ಶರದ್ ಅಂದುಕೊಂಡೆ. ಬಿಸಿಲು ಅರ್ಧಕ್ಕೇ ಇಳಿಸಿತ್ತು.

ಮಗಳು ಅಂಬಿಕಾ ಬ್ಲೇಡಿನಿಂದ ಒಂದು ಕಾಯಿ ಸೀಳಿ
‘ಅವ್ವಾ, ಬೀಜ ಅದ!’ ಅಂದಳು.
ಇತ್ತು. ಎಳ್ಳಿನಷ್ಟು, ಬೆಳ್ಳಗೆ, ಹಲ್ಲಿಗೆ ತಾಗದಷ್ಟು ಮೆತ್ತಗೆ.
ಆಗಬೇಕೆಂದು ಹೊರಟು ನಡುವೆ ನಿಂತದ್ದು.

ಇದು ಬಿತ್ತಿದರೆ ಹುಟ್ಟುವುದಲ್ಲ.
ಯಾರದೋ ಅಂಗಳದ ಕಡ್ಡಿ ಇನ್ಯಾರದೋ ಅಂಗಳಕ್ಕೆ,
ಗದ್ದಲದ ಬಸ್ಸಿನಲ್ಲಿ ಹಿಂದಿನ ಸೀಟಿನವನ ನೂರರ ನೋಟು
ಕೈಯಿಂದ ಕೈಗೆ ಮುಂದೆ ಬರುವ ಹಾಗೆ,
ಚಿಲ್ಲರೆ ಅದೇ ಕೈಗಳಲ್ಲಿ ಹಿಂದೆ ಹೋಗುವ ಹಾಗೆ.
ಇಪ್ಪತ್ತು ವರ್ಷದ ಸರ್ವಿಸ್ಸಿನಲ್ಲಿ
ನಡುವಿನವರು ಇಟ್ಟುಕೊಂಡದ್ದು ನಾನು ಕಂಡಿಲ್ಲ.

ಈ ಸಲದ ಚಾಟ್ನಿಯಲ್ಲಿ ಬಿದ್ದದ್ದು ಹನ್ನೊಂದು.
ಜಗದೇವಿಗೆ ಎರಡು, ಮಶಾಕ್‌ಸಾಬ್‌ನಿಗೆ ಒಂದು.
ಜೇವರ್ಗಿಯಲ್ಲಿ ಹತ್ತಿದವಳೊಬ್ಬಳು ಗೋಣಿ ನೋಡಿ
‘ಯಾವ ಜಾತಿದು?’ ಎಂದು ಕೇಳಿದಳು.
ಗೊತ್ತಿಲ್ಲವ್ವಾ, ತಗೋ, ಅಂದೆ.
ಹಿಂದಿನ ಬಾಗಿಲ ತನಕ ಜನ. ಕಡ್ಡಿ ತಲೆಗಳ ಮೇಲೆ ಹೋಯಿತು.
ಕೂಗಿ ಕೇಳಿದೆ:
ಮುಟ್ಟಿತೇನ್ರೀ?