ಅತಿಥಿ ಉಪನ್ಯಾಸಕಿ

ಟಮಾಲೆಯಲ್ಲಿ ಹರ್ಮಟಾನ್ ಗಾಳಿ ಬೀಸುವ ಜನವರಿ.
ವರ್ಕ್‌ಶಾಪಿನ ಕಿಟಕಿ ಎಷ್ಟು ಬಿಗಿಯಾಗಿ ಹಾಕಿದರೂ
ಲೇತಿನ ಮೇಲೆ, ನನ್ನ ಹಾಜರಿ ಪುಸ್ತಕದ ಮೇಲೆ
ಮರುಭೂಮಿ ಬಂದು ಕೂತಿರುತ್ತದೆ,
ದಾಖಲಾತಿ ಇಲ್ಲದೆ.

ಇಪ್ಪತ್ತೊಂದು ವರ್ಷದಿಂದ ಇಲ್ಲಿ ಯಂತ್ರ ವಿನ್ಯಾಸ ಕಲಿಸುತ್ತೇನೆ.
ಮೂರನೇ ವರ್ಷದವರಿಗೆ ಈ ಸಲವೂ ಅದೇ ಪ್ರಾಜೆಕ್ಟು:
ಶಿಯಾ ಬೀಜ ಅರೆಯುವ ಗಿರಣಿ.
ನಾಲ್ಕು ತಂಡ, ನಾಲ್ಕು ನಕ್ಷೆ. ಒಂದೊಂದೂ
ಕಟ್ಟು ಹಾಕಿಸಿ ಗೋಡೆಗೆ ತೂಗುವಷ್ಟು ಚೆಂದ.

ಟಿಯುಂಬಾ ಎದ್ದು ನಿಂತು ಕೈಯಾಡಿಸಿದಳು.
ಅವಳಿಗೆ ಕಿವಿ ಕೇಳುವುದಿಲ್ಲ,
ನನಗೆ ಅವಳ ಬೆರಳು ಓದಲು ಬರುವುದಿಲ್ಲ.
ಇಬ್ಬರಲ್ಲಿ ಯಾರ ಕೊರತೆಗೆ
ಕಾಲೇಜು ಪ್ರಮಾಣಪತ್ರ ಕೇಳಿತ್ತೆಂದು ಬೇರೆ ಹೇಳಬೇಕಿಲ್ಲ.

ಪಕ್ಕದ ಬೆಂಚಿನ ವುನ್ಪಿನಿ
(ಅವಳ ಭಾಷೆ ಅವನು ಕಲಿತದ್ದು ಪಾಠಕ್ಕಲ್ಲ,
ನನ್ನ ತರಗತಿಯಲ್ಲಿ ಸದ್ದಿಲ್ಲದೆ ಹರಟುವುದಕ್ಕೆ)
ತರ್ಜುಮೆ ಮಾಡಿದ:
"ಸರ್, ಇದನ್ನು ಯಾರು ಕೊಳ್ಳುತ್ತಾರೆ?"

ಸುಲಭದ ಪ್ರಶ್ನೆ. ಇಪ್ಪತ್ತೊಂದು ವರ್ಷ ಯಾರೂ ಕೇಳಿರಲಿಲ್ಲ.
ನಾನೂ.

ಸರಕಿನ ಟ್ರೈಸಿಕಲ್ಲಿಗೆ ಗಿರಣಿ ಹೇರಿಕೊಂಡು ಹೋದೆವು
ಸಾನಾತು ಅಮ್ಮನ ಅಂಗಳಕ್ಕೆ.
ಹನ್ನೆರಡು ಹೆಂಗಸರು ಮೊಣಕೈವರೆಗೆ ಬೋಗುಣಿಯಲ್ಲಿ ಮುಳುಗಿ
ಕಂದು ಮುದ್ದೆ ನಾದುತ್ತಿದ್ದರು.
ಕೈ ಕೆಸರಾದರೆ ಬಾಯಿ ಮೊಸರು ಅನ್ನುವಷ್ಟು ಅವಸರ ಇಲ್ಲಿಲ್ಲ;
ಕೆಸರೇ ಬೆಳ್ಳಗಾಗಿ, ಬೆಣ್ಣೆಯಾಗಿ ತೇಲಬೇಕು,
ಆಮೇಲೆ ಸಂತೆ, ಆಮೇಲೆ ಬಾಯಿ.

ಸಾನಾತು ಅಮ್ಮ ಗಿರಣಿಯನ್ನು ಸುತ್ತಿ ಬಂದಳು.
ಮೇಕೆಯ ಹಲ್ಲು ನೋಡುವವಳ ಹಾಗೆ ಅದರ ಬಾಯಿಗೆ ಕೈ ಹಾಕಿದಳು.
"ಇಷ್ಟೆತ್ತರ ಯಾಕೆ? ಬೀಜ ಸುರಿಯೋಕೆ ನಿಮ್ಮ ಮಾವ ಬರ್ತಾನಾ?
ಬೆನ್ನಿಗೆ ಕೂಸು ಕಟ್ಟಿಕೊಂಡವಳು ಎಲ್ಲಿ ನಿಲ್ಲಬೇಕು?
ಉಟ್ಟ ಬಟ್ಟೆ ಚುಂಗು ಈ ಬೆಲ್ಟಿಗೆ ಸಿಕ್ಕರೆ?"
ಬೆಲೆ ಕೇಳಿದಳು. ಹೇಳಿದೆವು.
ನಕ್ಕಳು. ಹನ್ನೆರಡೂ ಬೋಗುಣಿ ನಕ್ಕವು.

ನಮ್ಮ ಸೂತ್ರಗಳೆಲ್ಲ ಸರಿಯಾಗಿದ್ದವು.
ಪುಸ್ತಕದ ಬದನೆಕಾಯಿಗೆ
ಹುಳ ಬೀಳುವುದಿಲ್ಲ.

ಅಷ್ಟರಲ್ಲಿ ಟಿಯುಂಬಾ, ಜ್ವರ ನೋಡುವಂತೆ,
ಓಡುತ್ತಿದ್ದ ಗಿರಣಿಯ ಪಕ್ಕೆಗೆ ಅಂಗೈ ಒತ್ತಿ
ಎಡಗಡೆ ಬೇರಿಂಗು ನರಳುತ್ತಿದೆ ಎಂದಳು.
ನಮ್ಮ ಕಿವಿಗೆ ಬಿದ್ದದ್ದು ಬರೀ ಗದ್ದಲ.
ಬಿಚ್ಚಿದೆವು. ಒಂದು ಗುಂಡು ಸೀಳಿತ್ತು.

ಆಮೇಲಿನ ಮಧ್ಯಾಹ್ನಗಳಲ್ಲಿ ಅವಳು, ಸಾನಾತು ಅಮ್ಮ
ನೆಲದ ಮೇಲೆ ಬೀಜ ಗುಡ್ಡೆ ಹಾಕಿಕೊಂಡು ಕೂತರು.
ಈ ಗುಡ್ಡೆ ಡೀಸೆಲ್ಲಿಗೆ, ಇದು ಗಾಡಿ ಬಾಡಿಗೆಗೆ,
ಇದು ಕೆಟ್ಟ ದಿನಕ್ಕೆ.
ಅವರಿಬ್ಬರ ನಡುವೆ ವುನ್ಪಿನಿ ಬೇಕಾಗಲಿಲ್ಲ,
ಹೋಗಿ ಮಾವಿನ ನೆರಳಲ್ಲಿ ಮಲಗಿದ.

ಗಿರಣಿ ಮಾರುವುದಿಲ್ಲ. ಗಾಡಿಯ ಮೇಲೇ ಕೂರಿಸಿ
ಊರೂರು ತಿರುಗಿಸುವುದು, ಬೋಗುಣಿಗಿಷ್ಟು ಎಂದು ಅರೆಯುವುದು.
ಬಾಯಿ ಸೊಂಟದೆತ್ತರಕ್ಕೆ ಇಳಿಯಿತು.
ಬೆಲ್ಟಿಗೆ ತಗಡಿನ ಮುಸುಕು ಬಂತು.
ಮೊದಲ ವಾರ ನಷ್ಟ.
ಎರಡನೇ ವಾರ ಪಂಕ್ಚರು, ಅದೂ ನಷ್ಟ.
ಮೂರನೇ ವಾರ ಉಳಿದದ್ದು ಹನ್ನೊಂದು ಸೆಡಿ;
ತೋರಿಸಲು ತಂದಳು, ನೋಟು ಮಡಿಸದೆ.

ನನ್ನ ಅಂಕಪಟ್ಟಿಯಲ್ಲಿ ನಷ್ಟಕ್ಕೆ ಕಾಲಂ ಇರಲಿಲ್ಲ,
ಪಂಕ್ಚರಿಗೆ ಇರಲಿಲ್ಲ, ಅಂಗೈಗಂತೂ ಇಲ್ಲವೇ ಇಲ್ಲ.
ನಕ್ಷೆಯ ಅಂದಕ್ಕೆ ಇಪ್ಪತ್ತು ಇತ್ತು.

ಜೊತೆಗೊಂದು ಬಿಲ್ಲು, ಕಾಲೇಜಿನ ಹೆಸರಿಗೆ:
"ಸಾನಾತು ಅಮ್ಮ. ತಪ್ಪು ತೋರಿಸಿದ್ದಕ್ಕೆ. ಆರು ಮಧ್ಯಾಹ್ನ."
ಮೊತ್ತ. ಹೆಬ್ಬೆಟ್ಟು. ಮೂಲೆಯಲ್ಲಿ ಬೆಣ್ಣೆಯ ಜಿಡ್ಡು.

ಲೆಕ್ಕಪತ್ರ ವಿಭಾಗದ ನೈಂಡೋ
ಕಾಗದವನ್ನು ಬೆಳಕಿಗೆ ಹಿಡಿದು ಕೇಳಿದ,
"ಇದನ್ನು ಯಾವ ಖಾತೆಗೆ ಹಾಕಲಿ?"
ಧೂಳು ಒರೆಸಿ ಬರೆದುಕೊಟ್ಟೆ: ಅತಿಥಿ ಉಪನ್ಯಾಸಕಿ.

"ವಿದ್ಯಾರ್ಹತೆ?" ಅಂದ.

ಬೆರಳಲ್ಲೇ ಏನೋ ಹೇಳಹೋದೆ.
ಈಚೆಗೆ ಕಲಿಯುತ್ತಿದ್ದೇನೆ;
ಕಾಗುಣಿತ ಇನ್ನೂ ತಪ್ಪುತ್ತದೆ.