ಕೆಲಸದವಳು, ಎರಡು

ಮನಾಮಾದಲ್ಲಿ, ನಾಲ್ಕನೆಯ ಪರದೆಯ ಬಾಗಿಲ ಹೊರಗೆ
ನಾನೂ ಮಾರಿಸೆಲ್ಲೂ ಕಸಬರಿಗೆ ಹಿಡಿದು ನಿಂತಿರುತ್ತೇವೆ.
ಮುಗಿಯಲು ಐದು ನಿಮಿಷ ಇದ್ದಾಗ ಒಳಗೆ ಬಿಡುತ್ತಾರೆ.
ಹಾಗಾಗಿ ನನಗೆ ಎಲ್ಲ ಸಿನಿಮಾಗಳ ಕೊನೆ ಗೊತ್ತು,
ಯಾವುದರ ಮೊದಲೂ ಗೊತ್ತಿಲ್ಲ.

ಈ ವಾರದ್ದು ಸ್ಪೇನಿನದು, ನಗೆಯ ಚಿತ್ರ.
ಹೊರಗಿನ ಪೋಸ್ಟರಿನಲ್ಲಿ ಐದು ಮಂದಿ ಹೆಂಗಸರು
ಒಂದೇ ಸೋಫಾದ ಮೇಲೆ ಬಾಯ್ತೆರೆದು ನಗುತ್ತಾರೆ.
"ಈ ಸಲ ನಿಮ್ಮದೇ ರಾಜ್ಯ" ಎಂದ ಮುದೀರ್,
ಟಿಕೆಟಿನ ಚೂರು ನನ್ನ ಬಾಲ್ದಿಗೆ ಹಾಕುತ್ತಾ.

ಗುರುವಾರ ರಾತ್ರಿ ಯಾರೋ ಕೋಲಾ ಚೆಲ್ಲಿದರು,
ಟಾರ್ಚು ಹಿಡಿದು ನಡುವಿನಲ್ಲೇ ಒಳಹೊಕ್ಕೆ.
ಶುಕ್ರವಾರ ಪುಣ್ಯಾತ್ಮ ಮಗುವೊಂದು ವಾಂತಿ ಮಾಡಿತು.
ಹೀಗೆ ತುಂಡು ತುಂಡು ಕೂಡಿಸಿ
ಕೌದಿಯಂತೆ ಹೊಲಿದುಕೊಂಡೆ ಕತೆಯನ್ನು:

ದೊಡ್ಡ ಮನೆ. ಮದುವೆ. ಮದುಮಗಳಿಗೆ ಮನಸ್ಸಿಲ್ಲ.
ಅತ್ತೆ ವಕೀಲೆ, ಮಾತಿಗೊಂದು ಬಾಣ.
ಒಬ್ಬ ಗಂಡಸು ಲಂಗ ತೊಟ್ಟು ಎಡವುತ್ತಾನೆ,
ಜನ ಬಿದ್ದು ಬಿದ್ದು ನಗುತ್ತಾರೆ.
ನಾನು ದಿನಾ ಪ್ಯಾಂಟು ತೊಟ್ಟು ಎಡವುತ್ತೇನೆ,
ಯಾರೂ ನಗುವುದಿಲ್ಲ.

ಮದುಮಗಳೂ ಅವಳ ಗೆಳತಿಯೂ ಮಹಡಿಯ ಮೆಟ್ಟಿಲಲ್ಲಿ ಕೂತು
ಒಬ್ಬಳು ಇನ್ನೊಬ್ಬಳ ಕೂದಲಿಗೆ ಕೈ ಚಾಚುತ್ತಾಳೆ,
ತಟ್ಟನೆ ಬೆಳಗಾಗಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾರೆ.
ಅಲ್ಲಿ ಕತ್ತರಿ ಆಡಿದೆ.
ಅಷ್ಟು ಬೇಗ ಮುಗಿದ ರಾತ್ರಿಯನ್ನು ನಾನೆಲ್ಲೂ ಕಂಡಿಲ್ಲ.
ಹಿಂದಿನ ಸಾಲಿನಲ್ಲಿ ಹುಡುಗಿಯೊಬ್ಬಳು
ಉಸಿರು ಬಿಟ್ಟದ್ದು ಕೇಳಿಸಿತು.
ಟಾರ್ಚಿನ ಬೆಳಕು ನೆಲದಿಂದ ಎತ್ತಲಿಲ್ಲ ನಾನು.

ಆ ಕಾಫಿ ತಂದವಳು ಯಾರು?
ಅವಳನ್ನು ನೋಡಲೆಂದೇ ಈಗ ನಾನು ಒಳಗೆ ಬರುವುದು.
ನನ್ನಷ್ಟೇ ಕಪ್ಪು. ಯಾವುದೋ ಬೆಟ್ಟದ ದೇಶದವಳು.
ಬಾಗಿಲು ತೆರೆಯುತ್ತಾಳೆ, ತಾಟು ತರುತ್ತಾಳೆ, ಬಾಗಿಲು ಹಾಕುತ್ತಾಳೆ.
ಮಾತು ಎಣಿಸಿದೆ: ಮೂರು ಸಲ "ಸೀ, ಸೆನ್ಯೋರಾ",
ಒಮ್ಮೆ, ತಾಟು ಜಾರಿದಾಗ, ತನ್ನ ಭಾಷೆಯಲ್ಲಿ ಏನೋ.
ಆಗ ಪರದೆಯ ಕೆಳಗೆ ಅರಬ್ಬಿಯೂ ಇಲ್ಲ, ಇಂಗ್ಲಿಷೂ ಇಲ್ಲ,
ಬರೀ ಕಪ್ಪು ಪಟ್ಟಿ.
ನನಗೆ ಮಾತ್ರ ಅಕ್ಷರ ಅಕ್ಷರ ತಿಳಿಯಿತು:
ಹುಮನಾಬಾದಿನ ಬೈಗುಳ ಅದು, ಬೇರೆ ಗಂಟಲಲ್ಲಿ.

ಮಾರಿಸೆಲ್ ಕಿವಿಯಲ್ಲಿ ಅರ್ಥ ಊದುತ್ತಾಳೆ.
ಅವಳ ದೇಶವನ್ನು ಸ್ಪೇನಿನವರು ಮುನ್ನೂರು ವರ್ಷ ಆಳಿ
ಹೋಗುವಾಗ ಅಡುಗೆಮನೆಯ ಮಾತು ಬಿಟ್ಟುಹೋದರಂತೆ.
ಮೇಸಾ ಅಂದರೆ ಮೇಜು, ಎಂದಳು.
ಗೊತ್ತು ಬಿಡು, ಈ ಊರಿನವರೂ ಮೇಝ್ ಅನ್ನುತ್ತಾರೆ.
ಬಾಲ್ದೆ? ಕೈಯಲ್ಲೇ ಇದೆಯಲ್ಲ, ಬಾಲ್ದಿ.
ಸಾಬೋನ್? ಸಾಬೂನು.
ಯಾವ ಹಡಗು ಹತ್ತಿ ಬಂದವೋ,
ನಮಗಿಂತ ಮುಂಚೆ ಕಡಲು ದಾಟಿದ ಕೆಲಸದ ಮಾತುಗಳು.
ಪ್ರೀತಿಗೆ ಏನೆನ್ನುತ್ತಾರೆ ಎಂದು ಕೇಳಬೇಕೆಂದಿದ್ದೆ,
ಮುದೀರ್ ಬಂದ.

ನನ್ನೆದೆಯ ಬಿಲ್ಲೆಯಲ್ಲಿ "ನೀಲ" ಎಂದಷ್ಟೇ ಇದೆ.
ಅಪ್ಪ ಇಟ್ಟದ್ದು ನೀಲಗಂಗಾ.
ಗಂಗೆ ಹಿಡಿಸಲಿಲ್ಲ ಈ ತಗಡಿನಲ್ಲಿ.

ಸಿನಿಮಾ ಮುಗಿದು ಹೆಸರುಗಳು ಮೇಲೇರುತ್ತವೆ,
ಬೆಲ್ಲದ ಡಬ್ಬಿಗೆ ಇರುವೆ ಹತ್ತಿದಂತೆ.
ಅಷ್ಟರಲ್ಲಿ ಎಲ್ಲರೂ ಹೋಗಿರುತ್ತಾರೆ, ಓದುವವರು ನಾವಿಬ್ಬರೇ.
ಸೋಫಾದ ಐವರು ಮೊದಲೇ ಹೋದರು, ದೊಡ್ಡ ಅಕ್ಷರದಲ್ಲಿ.
ಲಂಗದವನು ಹೋದ. ನಾಯಿಗೂ ಹೆಸರಿತ್ತು.
ತೀರಾ ತಳದಲ್ಲಿ, ಊಟ ಒದಗಿಸಿದವರಿಗಿಂತ ಒಂದು ಸಾಲು ಮೇಲೆ:
ಕೆಲಸದವಳು, ಎರಡು.

ಮಾರಿಸೆಲ್ ಕಸಬರಿಗೆ ನಿಲ್ಲಿಸಿದಳು.
ಹಾಗಾದರೆ ಒಂದನೆಯವಳು ಎಲ್ಲಿ?
ಮೂರು ದಿನ ಹುಡುಕಿದೆವು, ಮದುವೆಯ ಗುಂಪಿನಲ್ಲಿ,
ಹಿತ್ತಿಲ ಕಿಟಕಿಯಾಚೆ, ಒಗೆದ ಬಟ್ಟೆಗಳ ಹಿಂದೆ.
ಕತ್ತರಿಗೆ ಸಿಕ್ಕಳೋ, ರಜೆ ಕೇಳಿ ಊರಿಗೆ ಹೋದಳೋ,
ಪಾಸ್‌ಪೋರ್ಟು ಕೈಗೆ ಸಿಗದೆ ಎಲ್ಲಿ ಕೂತಳೋ.

ಇವತ್ತು ಕೊನೆಯ ಆಟ. ದೀಪ ಹತ್ತಿತು.
ಸೀಟುಗಳಡಿ ಜೋಳದ ಅರಳು, ಒಂದೇ ಒಂದು ಕಿವಿಯೋಲೆ.
ಮಾರಿಸೆಲ್ ನನ್ನೆದುರು ಬಾಗಿ, ಇಲ್ಲದ ತಾಟು ಚಾಚಿ
"ಸೀ, ಸೆನ್ಯೋರಾ" ಎಂದಳು.
ನಾನು ಬೇಕೆಂದೇ ಬಾಲ್ದಿ ಕೈಬಿಟ್ಟೆ.
ಇನ್ನೂರು ಖಾಲಿ ಕುರ್ಚಿಗಳ ಮುಂದೆ ಇಬ್ಬರೂ ನಕ್ಕೆವು.
ಆಮೇಲೆ ನೀರು ಒರೆಸಬೇಕಾದವರೂ ನಾವೇ,
ಒರೆಸಿದೆವು.